ಇಂಜಿನಿಯರಿಂಗ್ ಮೇಷ್ಟ್ರಿಗೆ ಹುರುಪು ಯಾಕೆ ಸತ್ತಿತು? ಉದ್ಯೋಗ ಮನೋವಿಜ್ಞಾನಿಯನ್ನು ಕೇಳಿ

ಸಿಎಸ್ ಮೇಡಂ: ಡಾಕ್ಟ್ರೇ, ವಾರಕ್ಕೆ 20 ಗಂಟೆ ಪಾಠ. ಮೂರು ವಿಷಯ, ಎರಡು ಹೊಸವು, ಮೇಲೆ ಎನ್‌ಬಿಎ (ಕೋರ್ಸಿಗೆ ಮಾನ್ಯತೆ ಕೊಡೋ ಮಂಡಳಿ) ಫೈಲು. ಕ್ಲಾಸಲ್ಲಿ ಖುಷಿಯಿಲ್ಲ, ಹುಡುಗರನ್ನು ಕಂಡರೆ ರೇಗುತ್ತೆ, ನಿದ್ದೆಯಿಲ್ಲ. ಸಂಬಳ ಏರಿದರೆ ಸರಿಹೋಗುತ್ತಾ?

ಡಾಕ್ಟರ್: ಸಂಬಳ ಕಮ್ಮಿಯಾದರೆ ಅಸಮಾಧಾನ ಖಂಡಿತ, ಏರಿದ ಮಾತ್ರಕ್ಕೆ ಹುರುಪು ಬರಲ್ಲ. ಮನೋವಿಜ್ಞಾನಿ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದು. ನನಗೆ ಚಿಂತೆ ಆ ರೇಗಾಟದ್ದು. ದಣಿವು, ಹುಡುಗರ ಬಗ್ಗೆ ತಾತ್ಸಾರ, 'ನನ್ನಿಂದೇನೂ ಆಗ್ತಿಲ್ಲ' ಅನ್ನೋದು, ಮೂರೂ ಕೂಡಿದರೆ ಬರ್ನ್‌ಔಟ್.
ಎರಡು ವಾರ ಬರೆದಿಡಿ: ಪಾಠ, ತಯಾರಿ, ಫೈಲು, ಯಾವುದಕ್ಕೆ ಎಷ್ಟು ನಿಮಿಷ, ಮುಗಿದ ಮೇಲೆ ಮನಸ್ಸು ಹೇಗಿತ್ತು. ಸುಸ್ತು ಮಾಡೋದು ಪಾಠದ ಗಂಟೆಗಿಂತ ತಯಾರಿ ಇರಬಹುದು. ಹಾಗಿದ್ದರೆ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) 'ಭಾರ ಜಾಸ್ತಿ' ಅನ್ನಬೇಡಿ, ಬಾಯಿಮಾತು ಮರೆತುಹೋಗುತ್ತೆ. ಟೈಮ್‌ಟೇಬಲ್ ಹಾಕೋ ಮುಂಚೆ ಮೇಲ್ ಕಳಿಸಿ: 'ಮೂರು ವಿಷಯದ ಬದಲು ಎರಡೇ ಕೊಡಿ, ಅದರಲ್ಲಿ ಒಂದನ್ನು ಎರಡು ಸೆಕ್ಷನ್‌ಗೆ.' ಗಂಟೆ ಅಷ್ಟೇ ಇದ್ದರೂ ನೋಟ್ಸು, ಪ್ರಶ್ನೆಪತ್ರಿಕೆ, ಸಿಒ-ಪಿಒ ಲೆಕ್ಕ (ವಿಷಯದ ಕಲಿಕೆ ಗುರಿಗೂ ಇಡೀ ಕೋರ್ಸಿನ ಗುರಿಗೂ ತಾಳೆ) ಒಂದೊಂದು ಸೆಟ್ ಕಮ್ಮಿ.
ನಿದ್ದೆ ಎರಡು ವಾರದಿಂದ ಕೆಟ್ಟಿದ್ದರೆ ಡೈರಿಗೆ ಕಾಯದೆ ವೈದ್ಯರನ್ನು ನೋಡಿ. ಸಾಯೋ ಯೋಚನೆ ಬಂದರೆ ತಕ್ಷಣ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್.

ಮೆಕ್ಯಾನಿಕಲ್ ಸರ್: ಒಂದು ಫಾರ್ವರ್ಡ್ ಹಾಕ್ತೀನಿ. 21 ದಿನ ಬೆಳಿಗ್ಗೆ ಕನ್ನಡಿ ಮುಂದೆ 'ನನ್ನ ಕೆಲಸ ನನಗಿಷ್ಟ' ಅನ್ನಬೇಕಂತೆ.

ಡಾಕ್ಟರ್: ಬೇಡ. ಕನ್ನಡಿ ಮುಂದೆ ನಿಂತರೆ ಫೈಲು ಕರಗಲ್ಲ. 22ನೇ ದಿನ ತಪ್ಪು ತನ್ನದೇ ಅಂದ್ಕೋತಾರೆ, ಅದೇ ಅಪಾಯ.

ಸಿವಿಲ್ ಸರ್: ಸಂಬಳ ಏರಿದರೆ?

ಡಾಕ್ಟರ್: ಮೇಲೆ ಓದಿ.

ಇಸಿ ಮೇಡಂ: ಪಿಎಚ್‌ಡಿ ಮುಗಿದ ಮೇಲೆ ತೃಪ್ತಿ ಹೆಚ್ಚುತ್ತಾ, ಡಾಕ್ಟ್ರೇ?

ಮೆಕ್ಯಾನಿಕಲ್ ಸರ್: ತೃಪ್ತಿ ಬಿಡಿ, ಕೆಲಸ ಬಿಟ್ಟರೆ ಬರಿಗೈ. ಮೇಷ್ಟ್ರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡೋ ಇಡಿಗಂಟು) ಇಲ್ಲ.

ಸಿವಿಲ್ ಸರ್: ತಪ್ಪು. ಗ್ರಾಚ್ಯುಟಿ ಕಾಯ್ದೆಗೆ 2009ರ ತಿದ್ದುಪಡಿ ಮೇಷ್ಟ್ರನ್ನೂ ಸೇರಿಸಿತು, 1997ರ ಏಪ್ರಿಲ್ 3ರಿಂದಲೇ ಅನ್ವಯ. ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿಯಿತು. ಸಾಮಾನ್ಯವಾಗಿ ಐದು ವರ್ಷ ಸತತ ಸೇವೆ ಆಗಿರಬೇಕು.

ಮೆಕ್ಯಾನಿಕಲ್ ಸರ್: ಕಾನೂನು ಪುಸ್ತಕದಲ್ಲಿರುತ್ತೆ ಸರ್, ಮ್ಯಾನೇಜ್‌ಮೆಂಟ್ ಕೊಡಬೇಕಲ್ಲ!

ಸಿವಿಲ್ ಸರ್: ಕೇಳದೆ ಯಾರು ಕೊಡ್ತಾರೆ? ಕೊನೆಯ ಮೂಲ ವೇತನಕ್ಕೆ ತುಟ್ಟಿಭತ್ಯೆ ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷದಿಂದ ಗುಣಿಸಿ. 30,000ಕ್ಕೆ 8 ವರ್ಷಕ್ಕೆ ಸುಮಾರು 1,38,000. ಅರ್ಜಿ ಲಿಖಿತವಾಗಿ ಕೊಡಿ, ಆಗದಿದ್ದರೆ ಕಾರ್ಮಿಕ ಇಲಾಖೆ. ಮೊದಲು ನೇಮಕಾತಿ ಆದೇಶ ಹುಡುಕಿ, ಆಮೇಲೆ ಗೊಣಗಿ.

ಮೆಕ್ಯಾನಿಕಲ್ ಸರ್: ಗೊಣಗ್ತಿರೋದು ಯಾರು ಸ್ವಾಮಿ?

ಡಾಕ್ಟರ್: ಇಬ್ಬರೂ ಖಾಸಗಿಯಾಗಿ ಮಾತಾಡಿ. ಸಿಎಸ್ ಮೇಡಂ, ವೈದ್ಯರನ್ನು ನೋಡಿದ್ರಾ?

ಇಸಿ ಮೇಡಂ: ನನ್ನ ಪಿಎಚ್‌ಡಿ ಪ್ರಶ್ನೆ?