ಕೌಮ್, ಕೋಮು, ಮುಆಹದಾ: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ದೇವಬಂದ್ ಮದರಸೆಯ ವಿದ್ವಾಂಸ ಮೌಲಾನಾ ಹುಸೇನ್ ಅಹ್ಮದ್ ಮದನಿ ಅವರ ಬಗ್ಗೆ ಬರೆಯುತ್ತಿದ್ದೇನೆ. ಎರಡು ಉರ್ದು ಪದಗಳ ಹತ್ತಿರ ಕೈ ನಿಂತಿದೆ.

ಮೊದಲನೆಯದು ಕೌಮ್, ಅಂದರೆ ಜನ, ರಾಷ್ಟ್ರ. 1938ರ ಅವರ ಪುಸ್ತಕದ ಹೆಸರು 'ಮುತ್ತಹಿದಾ ಕೌಮಿಯತ್ ಔರ್ ಇಸ್ಲಾಂ'. ಈ ಕಾಲದಲ್ಲಿ ಕೌಮ್ ಆಗುವುದು ನೆಲದಿಂದ, ಮತದಿಂದಲ್ಲ. ಹಿಂದೂ ಮುಸ್ಲಿಮರು ಸೇರಿ ಒಂದೇ ಕೌಮ್ ಅನ್ನುವುದು ಅವರ ವಾದ. ಕವಿ ಇಕ್ಬಾಲ್ ಇದನ್ನು ಕೇಳಿ ಸಿಟ್ಟಾಗಿ ಪದ್ಯವನ್ನೇ ಬರೆದರು. ಮದನಿ ಹಿಡಿದ ಎಳೆ ನನಗೆ ತುಂಬಾ ಹಿಡಿಸಿತು. ಕುರಾನಿನಲ್ಲಿ ಪ್ರವಾದಿಗಳು ತಮ್ಮನ್ನು ನಂಬದ ಜನರನ್ನೂ 'ಯಾ ಕೌಮಿ', ಅಂದರೆ 'ನನ್ನ ಜನರೇ' ಎಂದು ಕರೆಯುತ್ತಾರೆ. ಹಾಗಾದರೆ ಬೇರೆ ನಂಬಿಕೆಯವರೂ ಒಂದೇ ಕೌಮ್ ಆಗಬಹುದಲ್ವಾ? ಒಂದೇ ಮತದವರ ಕೂಟಕ್ಕೆ ಮಿಲ್ಲತ್ ಅನ್ನುವ ಪದ ಬೇರೆ ಇದೆ.

ಈಗ ತೊಡಕು ನೋಡಿ. ನಮ್ಮ 'ಕೋಮು' ಇದೇ ಕೌಮ್. ಆದರೆ ಕನ್ನಡಕ್ಕೆ ಬಂದು ಜಾತಿ, ಪಂಗಡ ಅನ್ನುವ ಅರ್ಥಕ್ಕೆ ಇಳಿಯಿತು. ಆಮೇಲೆ ಕೋಮುಗಲಭೆ, ಕೋಮುವಾದ ಬಂದವು. ಉರ್ದುವಿನಲ್ಲಿ 'ಕೌಮೀ ಯಕ್‌ಜಹತಿ' ಅಂದರೆ ರಾಷ್ಟ್ರೀಯ ಐಕ್ಯ. ನೆಹರೂ ಬಳಗ ಶುರು ಮಾಡಿದ ಪತ್ರಿಕೆಯ ಹೆಸರೂ 'ಕೌಮೀ ಆವಾಜ್'. ಅದನ್ನು 'ಕೋಮು ದನಿ' ಅಂದರೆ ಗತಿ ಏನು! ಮದನಿಯವರ ಪುಸ್ತಕವನ್ನು 'ಸಂಯುಕ್ತ ರಾಷ್ಟ್ರೀಯತೆ' ಅಂದರೆ ಅರ್ಥ ಸರಿ. ಆದರೆ 'ಯಾ ಕೌಮಿ'ಯ ಜೊತೆಗಿನ ನಂಟು ಕಳಚಿಹೋಗುತ್ತದೆ. 'ನಾಡವರು' ಆಗಬಹುದೇ?

ಎರಡನೆಯದು ಮುಆಹದಾ, ಅಂದರೆ ಪರಸ್ಪರ ಮಾತು ಕೊಟ್ಟು ಮಾಡಿಕೊಂಡ ಒಪ್ಪಂದ. 1803ರ ಸುಮಾರಿಗೆ ದೆಹಲಿಯ ಶಾಹ್ ಅಬ್ದುಲ್ ಅಜೀಜ್ ಅವರು ಬ್ರಿಟಿಷರ ಹತೋಟಿಯ ನಾಡನ್ನು ದಾರುಲ್ ಹರ್ಬ್, ಅಂದರೆ ಇಸ್ಲಾಮಿನ ಆಡಳಿತವಿಲ್ಲದ ನೆಲ, ಎಂದಿದ್ದರು. 1920ರಲ್ಲಿ ಸಿಂಧ್, ಸರಹದ್ದು ಕಡೆಯ ಸಾವಿರಾರು ಜನ ಅಂಥ ನೆಲದಲ್ಲಿ ಇರಬಾರದೆಂದು ಹೊಲಮನೆ ಮಾರಿ ಅಫ್ಘಾನಿಸ್ತಾನಕ್ಕೆ ಹೊರಟೂಬಿಟ್ಟರು. ಸ್ವಾತಂತ್ರ್ಯದ ನಂತರ ಮದನಿಯವರ ಉಲಮಾ ಸಂಘಟನೆಯಾದ ಜಮೀಯತ್ ಉಲಮಾದ ಕಡೆಯವರು ಆ ಹಳೆಯ ಲೆಕ್ಕ ಬಿಟ್ಟರು. ಸಂವಿಧಾನ ಅಂದರೆ ಈ ದೇಶದ ಮುಸ್ಲಿಮರೂ ಉಳಿದವರೂ ಸೇರಿ ಮಾಡಿಕೊಂಡ ಮುಆಹದಾ, ಅದಕ್ಕೆ ನಡೆದುಕೊಳ್ಳುವುದು ದೀನಿನ, ಅಂದರೆ ಧರ್ಮದ, ಕಟ್ಟಳೆಯೂ ಹೌದು ಎಂದರು. ಸೆಕ್ಯುಲರ್ ರಾಜ್ಯವನ್ನು ಸುಮ್ನೆ ಸಹಿಸಿಕೊಳ್ಳುವುದಕ್ಕೂ ಮಾತು ಕೊಟ್ಟು ಅದರಲ್ಲಿ ಬಾಳುವುದಕ್ಕೂ ಜಾಸ್ತಿ ಅಂತರ ಇದೆ. ಪದದಲ್ಲಿ ಅದು ಕಾಣಬೇಕು.

'ಒಪ್ಪಂದ' ಸಪ್ಪೆ. 'ಕರಾರು' ಅಂದರೆ ಬಾಡಿಗೆ ಮನೆ ನೆನಪಾಗುತ್ತದೆ. ನನ್ನ ಮನಸ್ಸು 'ಒಡಂಬಡಿಕೆ'ಯ ಕಡೆಗಿದೆ. ಅದು ಬೈಬಲ್ಲಿನ ಪದವಾಯಿತಲ್ಲ ಅಂತ ಕೆಲವರು ಅನ್ನಬಹುದು. ಆದರೆ ಉರ್ದು ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆಗೆ 'ಪುರಾನಾ ಅಹದ್‌ನಾಮಾ' ಅನ್ನುತ್ತಾರೆ. ಅಹದ್, ಮುಆಹದಾ ಎರಡಕ್ಕೂ ಬೇರು ಒಂದೇ.

ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಈ ಬಳಗದಲ್ಲಿದ್ದರೆ ಹೇಳಿ: ಶುಕ್ರವಾರದ ಕನ್ನಡ ಭಾಷಣಗಳಲ್ಲಿ ಈ ಎರಡಕ್ಕೂ ಏನು ಬಳಸುತ್ತಾರೆ?