ದರಕು ಗುಡಿಸಿ ಬಂದ ಅಮ್ಮನ ಮೈಯೆಲ್ಲ ಉಣುಗು: ಏನು ಮಾಡೋದು?

ಸಿದ್ದಾಪುರದ ಹತ್ತಿರ ನಮ್ಮ ಮನೆ. ಸೊಪ್ಪಿನ ಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗಿ ಬಂದ ಅಮ್ಮನ ಕಾಲಿಗೆ, ಸೊಂಟಕ್ಕೆ ಉಣುಗು (ರಕ್ತ ಹೀರುವ ಉಣ್ಣೆ) ಹತ್ತಿವೆ. ಸೀಮೆಎಣ್ಣೆ ಹಚ್ಚಿ ಅಂತಾರೆ ಪಕ್ಕದ ಮನೆಯವರು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಹೆದರಿಕೆಯೂ ಇದೆ. ಅನುಭವ ಇದ್ದವರು ಹೇಳಿ.

ಶಿರಸಿಯಿಂದ:
ಸೀಮೆಎಣ್ಣೆ, ಸುಣ್ಣ, ಬೀಡಿ ಬೆಂಕಿ ಯಾವುದೂ ಬೇಡ ತಂಗಿ. ಕೆಣಕಿದರೆ ಅದರ ಹೊಟ್ಟೆಯಲ್ಲಿದ್ದದ್ದು ಗಾಯಕ್ಕೇ ಇಳಿಯಬಹುದು. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ತಲೆಯ ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ನಿಧಾನ ಎಳೆಯಿರಿ. ಉಗುರಲ್ಲಿ ಹೊಸಕಬೇಡಿ. ಆಮೇಲೆ ಸೋಪು ಹಾಕಿ ತೊಳೆಯಿರಿ. ಕಚ್ಚಿದಲ್ಲಿ ವಾರಗಟ್ಟಲೆ ತುರಿಸುತ್ತೆ. ಅದಕ್ಕೆ ಹೆದರಬೇಕಿಲ್ಲ, ಕೆರೆದು ಹುಣ್ಣು ಮಾಡಿಕೊಳ್ಳದಿದ್ದರೆ ಸಾಕು.

ಕಚ್ಚಿದ ಎಲ್ಲ ಉಣುಗಿನಲ್ಲೂ ವೈರಸ್ ಇರೋದಿಲ್ಲ. ಆದರೂ ಇವತ್ತಿನ ತಾರೀಕು ಕ್ಯಾಲೆಂಡರಲ್ಲಿ ಬರೆದಿಡಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದಲ್ಲಿ ಕಾಣಿಸಿಕೊಳ್ಳುತ್ತೆ: ಏಕಾಏಕಿ ಚಳಿಜ್ವರ, ಜೋರು ತಲೆನೋವು, ಮೈಕೈ ನೋವು. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, "ಬೆಟ್ಟಕ್ಕೆ ಹೋಗಿದ್ದೆ, ಉಣುಗು ಕಚ್ಚಿತ್ತು" ಅಂತ ಕೇಳುವ ಮೊದಲೇ ಹೇಳಿ. ನಮ್ಮ ಮಾವ ಬರೀ ಜ್ವರ ಅಂದಿದ್ದರು, ಮಾತ್ರೆ ಕೊಟ್ಟು ಕಳಿಸಿದರು. ದರಕಿನ ವಿಷಯ ಬಾಯಿಬಿಟ್ಟ ಮೇಲೇ ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದು. ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗಬಹುದು, ಹಾಗಾಗಿ ಆಸ್ಪಿರಿನ್ ಥರದ ನೋವಿನ ಮಾತ್ರೆ ನೀವೇ ಅಂಗಡಿಯಿಂದ ತಂದು ಕೊಡಬೇಡಿ.

ಕುಮಟಾದಿಂದ:
ಅಕ್ಕ ಹೇಳಿದ್ದು ಸರಿ. ಇನ್ನೊಂದು ಸೇರಿಸ್ತೇನೆ. ಜ್ವರ ಬಂದರೆ ಕಂಕುಳು, ತೊಡೆಸಂದಿ, ಸೊಂಟದ ಸುತ್ತ ನೋಡಿ. ಊದುಬತ್ತಿಯಿಂದ ಸುಟ್ಟಂಥ ಕಪ್ಪು ಹೆಕ್ಕಳೆ ಕಂಡರೆ ಅದು ಸ್ಕ್ರಬ್ ಟೈಫಸ್ ಅನ್ನೋ ಬೇರೆ ಜ್ವರ ಇರಬಹುದು. ಅದನ್ನು ಹರಡೋದು ಉಣುಗಲ್ಲ, ಪೊದೆ-ಹುಲ್ಲಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ. ನೋವೇ ಇರದ ಕಾರಣ ನನ್ನ ತಮ್ಮನಿಗೆ ಆ ಹೆಕ್ಕಳೆ ಇದ್ದದ್ದೇ ಗೊತ್ತಿರಲಿಲ್ಲ, ನರ್ಸ್ ಅಂಗಿ ಬಿಚ್ಚಿಸಿ ನೋಡಿದಾಗ ಸಿಕ್ಕಿತು. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧ ಇಲ್ಲ, ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಔಷಧ ಇದೆ. ಬೇಗ ಶುರು ಮಾಡಿದರೆ ಚೆನ್ನಾಗಿ ಹಿಡಿಯುತ್ತೆ.

ಸಿದ್ದಾಪುರದಿಂದ:
ನವೆಂಬರಿಂದ ಮೇವರೆಗೆ ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ. ಆಶಾ ಕಾರ್ಯಕರ್ತೆಯನ್ನು ಕೇಳಿ. ಬಂದಕೂಡಲೇ ಬಟ್ಟೆ ಬಿಸಿನೀರಿಗೆ, ತಾವು ಸ್ನಾನಕ್ಕೆ. ಮಂಗನ ಕಾಯಿಲೆಗೆ ಮೊದಲಿದ್ದ ಲಸಿಕೆ 2022ರಲ್ಲಿ ನಿಂತುಹೋಯಿತು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ, ಆ ಕಡೆ ದರಕಿಗೆ ಹೋಗೋದೂ ಬೇಡ.