ಈಯಲು ಮೂರು ವಾರವಿರುವ ಕುರಿ ಮೇವು ಬಿಟ್ಟಿದೆ, ಜ್ವರವಿಲ್ಲ: ಏನು ಮಾಡಬೇಕು?

ಪ್ರಶ್ನೆ (ದೌಂಡ್ ತಾಲ್ಲೂಕು, ಪುಣೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಈಗ ದೌಂಡ್ ಹತ್ತಿರ ಅದೇ ಭೀಮೆಯ ದಂಡೆಯಲ್ಲಿ ಜಮೀನು ಲಾವಣಿಗೆ ಹಿಡಿದು 22 ಕುರಿ ಸಾಕಿದ್ದೇವೆ. 18 ದಖನಿ, 4 ನಾರಿ ಸುವರ್ಣ. ಆಗಸ್ಟ್ ನಡುವಿನಲ್ಲಿ ಟಗರು ಬಿಟ್ಟಿದ್ದರಿಂದ ಜನವರಿ ಎರಡನೆಯ ವಾರಕ್ಕೆ ಈಯಬೇಕು. ಸುವರ್ಣಗಳ ಪೈಕಿ ಒಂದು ಕುರಿ ಎರಡು ದಿನದಿಂದ ಹಿಂಡಿನಿಂದ ದೂರ ನಿಲ್ಲುತ್ತಿದೆ, ಹಲ್ಲು ಕಡಿಯುತ್ತದೆ, ಕರೆದರೆ ಗೋಡೆಯ ಕಡೆ ಮುಖ ಮಾಡುತ್ತದೆ. ಮೈಬಿಸಿ 102 ಡಿಗ್ರಿ ಫ್ಯಾರನ್‌ಹೀಟ್ ಇದೆ. ಚಳಿ ಹಿಡಿದಿರಬೇಕೆಂದು ದೊಡ್ಡಿಗೆ ಸುತ್ತಲೂ ನೆಲದಿಂದ ಮಾಡಿನವರೆಗೆ ತಾಡಪತ್ರಿ ಕಟ್ಟಿದೆ, ಆದರೂ ಚೇತರಿಸಿಲ್ಲ. ಕಬ್ಬಿನ ಕಟಾವು ನಡೆದಿರುವುದರಿಂದ ಸೋಗೆ ಹೊಟ್ಟೆ ತುಂಬ ಸಿಗುತ್ತಿದೆ, ಮೇವಿಗೇನೂ ಕೊರತೆಯಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ (ಶಿರೂರು)

ತಮ್ಮಾ, ಚಳಿಯ ಮಾತು ಪಕ್ಕಕ್ಕಿರಲಿ. ನೀವು ಹೇಳಿದ ಲಕ್ಷಣಗಳಲ್ಲಿ ನನಗೆ ಕಾಣುವುದು ಪಶುವೈದ್ಯರು ಪ್ರೆಗ್ನೆನ್ಸಿ ಟಾಕ್ಸೀಮಿಯಾ ಎನ್ನುವ ಗಬ್ಬದ ನಂಜು, ಮತ್ತು ಅದರ ಮೂಲ ನಿಮ್ಮ ಕೊನೆಯ ಮಾತಿನಲ್ಲೇ ಇದೆ. ಮರಿಯ ಬೆಳವಣಿಗೆಯ ನೂರಕ್ಕೆ ಸುಮಾರು 70 ಪಾಲು ಕೊನೆಯ ಆರು ವಾರಗಳಲ್ಲಿ ಆಗುತ್ತದೆ. ಆ ಹೊತ್ತಿಗೆ ಗರ್ಭಕೋಶವೇ ಹೊಟ್ಟೆಯ ಜಾಗವನ್ನು ಆಕ್ರಮಿಸಿರುವುದರಿಂದ ಕುರಿ ತಿನ್ನುವ ಮೇವಿನ ಪ್ರಮಾಣ ಕುಗ್ಗುತ್ತದೆ. ಉಳಿದ ಅಷ್ಟು ಜಾಗವನ್ನೂ ಸತ್ವ ಕಡಿಮೆಯಿರುವ ಸೋಗೆ ತುಂಬಿಬಿಟ್ಟರೆ ಹೊಟ್ಟೆ ತುಂಬಿದಂತೆ ಕಂಡರೂ ಕುರಿ ಉಪವಾಸವೇ ಇರುತ್ತದೆ. ಆಗ ಮೈಕೊಬ್ಬು ಕರಗಿ ಅದರಿಂದ ಹುಟ್ಟುವ ಕೀಟೋನ್ ಎಂಬ ಅಂಶ ರಕ್ತದಲ್ಲಿ ಹೆಚ್ಚುತ್ತದೆ, ಸಕ್ಕರೆ ಕುಸಿಯುತ್ತದೆ. ಕಣ್ಣು ಕಾಣದಂತೆ ನಿಲ್ಲುವುದು ಅದರಿಂದಲೇ.

ನಾರಿ ಸುವರ್ಣಕ್ಕೆ ಈ ಅಪಾಯ ಹೆಚ್ಚು. ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಸುಂದರಬನದ ಗರೋಲ್ ಕುರಿಯಲ್ಲಿರುವ ಅವಳಿಯ ಜೀನನ್ನು ದಖನಿಗೆ ತಂದು ಬೆಳೆಸಿದ ತಳಿ ಅದು. ಅವಳಿ ಹೊತ್ತ ಕುರಿಯನ್ನು ಒಂಟಿಮರಿಯ ದಖನಿಯ ಲೆಕ್ಕದಲ್ಲಿ ಮೇಯಿಸಿದರೆ ನಡೆಯುವುದಿಲ್ಲ.

ಈಗಲೇ ಮಾಡಬೇಕಾದದ್ದು ಇಷ್ಟು. ಮಧುಮೇಹದವರು ಬಳಸುವ ಮೂತ್ರದ ಕೀಟೋನ್ ಪಟ್ಟಿಯನ್ನು ಔಷಧಿ ಅಂಗಡಿಯಿಂದ ತನ್ನಿ. ಮಲಗಿದ್ದ ಕುರಿ ಎದ್ದ ಕೂಡಲೇ ಉಚ್ಚೆ ಹೊಯ್ಯುವುದು ವಾಡಿಕೆ, ಆಗ ಬಟ್ಟಲು ಹಿಡಿಯಿರಿ. ಪಟ್ಟಿ ನೇರಳೆಗೆ ತಿರುಗಿದರೆ, ಮೈಯೊಳಗೆ ಸಕ್ಕರೆಯಾಗಿ ಮಾರ್ಪಡುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು 60 ಮಿಲಿಯಂತೆ ದಿನಕ್ಕೆ ಎರಡು ಸಲ, ಮೂರು ದಿನ ಕುಡಿಸಿ. ಕತ್ತು ಮೇಲೆತ್ತಿ ಗೊಟ್ಟ ಹಾಕಬೇಡಿ, ಮೂಗು ಕಣ್ಣಿನ ಮಟ್ಟ ಮೀರಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯಬಹುದು. ಔಷಧಿ ಸಿಗುವವರೆಗೆ ಬೆಲ್ಲದ ನೀರು ಕೊಡಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ: ಬೆಲ್ಲದ ಬಹುಪಾಲು ಮೆಲುಕುಚೀಲದಲ್ಲೇ ಹುಳಿಯುತ್ತದೆ, ರಕ್ತಕ್ಕೆ ಸಕ್ಕರೆಯಾಗಿ ಸೇರುವುದು ಅಲ್ಪ.

ಇಂದೇ ವೈದ್ಯರನ್ನೂ ಕರೆಸಿ. ಸೋಗೆಯಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಡುವುದರಿಂದ ಕ್ಯಾಲ್ಸಿಯಂ ಕೊರತೆಯೂ ಸೇರಿಕೊಂಡಿರಬಹುದು, ಅದರ ಲಕ್ಷಣಗಳು ಇದನ್ನೇ ಹೋಲುತ್ತವೆ. ಕ್ಯಾಲ್ಸಿಯಂ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಕುರಿ ಎದ್ದು ಮೇವಿಗೆ ಬಾಯಿ ಹಾಕಿದರೆ ಮುಖ್ಯ ತೊಂದರೆ ಅದೇ ಎಂದು ತಿಳಿಯಬೇಕು. ಔಷಧಿಗೆ ಬಗ್ಗದೆ ಕುರಿ ನೆಲ ಹಿಡಿದರೆ ಮರಿಗಳನ್ನು ಅವಧಿಗೆ ಮುಂಚೆಯೇ ಇಳಿಸಿ ತಾಯಿಯನ್ನು ಉಳಿಸಬೇಕೇ ಎಂಬ ಪ್ರಶ್ನೆ ಬರುತ್ತದೆ, ಅದನ್ನು ವೈದ್ಯರು ಮಾತ್ರ ನಿರ್ಧರಿಸಬೇಕು.

ತಾಡಪತ್ರಿಯನ್ನು ಕುರಿಯ ಬೆನ್ನಿನೆತ್ತರಕ್ಕೆ ಇಳಿಸಿ. ಉಚ್ಚೆಯ ಘಾಟು ಒಳಗೆ ನಿಂತರೆ ಚಳಿಗಿಂತ ಮೊದಲು ಪುಪ್ಪುಸದ ರೋಗ ಬರುತ್ತದೆ. ಉಣ್ಣೆಯಿರುವ ದೊಡ್ಡ ಕುರಿಗೆ ಪುಣೆಯ ಚಳಿ ದೊಡ್ಡದಲ್ಲ.

ಪ್ರಶ್ನಿಸಿದವರು, ಮರುದಿನ

ಅಣ್ಣಾ, ಪಟ್ಟಿ ಕಡುನೇರಳೆಯಾಯಿತು. ವೈದ್ಯರು ಬಂದು ಗ್ಲೂಕೋಸ್ ಮತ್ತು ಕ್ಯಾಲ್ಸಿಯಂ ಎರಡನ್ನೂ ಕೊಟ್ಟರು, ಗ್ಲೈಕಾಲ್ ಶುರುವಾಗಿದೆ. ಸಂಜೆ ಕುರಿ ನಾಲ್ಕು ಎಳೆ ಕುದುರೆ ಮೆಂತ್ಯ ತಿಂದದ್ದು ಕಂಡು ಮನೆಯವರೆಲ್ಲ ನಿಟ್ಟುಸಿರು ಬಿಟ್ಟೆವು. ಉಳಿದವಕ್ಕೆ ನಾಳೆಯಿಂದಲೇ ಅರ್ಧ ಕಿಲೋ ಜೋಳದ ನುಚ್ಚು ಇಡಲೇ?

ಉತ್ತರ (ಶಿರೂರು)

ಬೇಡ. ಒಮ್ಮೆಲೇ ಅಷ್ಟು ನುಚ್ಚು ಬಿದ್ದರೆ ಹೊಟ್ಟೆ ಹುಳಿತು ಇನ್ನೊಂದು ಅನಾಹುತವಾಗುತ್ತದೆ. 100 ಗ್ರಾಂನಿಂದ ಆರಂಭಿಸಿ ಎಂಟು ಹತ್ತು ದಿನಗಳಲ್ಲಿ 300 ಗ್ರಾಂಗೆ ಏರಿಸಿ, ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ. ನುಚ್ಚಿನ ಜೊತೆ ಶೇಂಗಾ ಹಿಂಡಿ ಮತ್ತು ಖನಿಜ ಮಿಶ್ರಣವಿರಲಿ. ಸೋಗೆಯನ್ನು ಅರ್ಧಕ್ಕಿಳಿಸಿ ತೊಗರಿ ಹೊಟ್ಟು ಸೇರಿಸಿ. ಮುದಿಕುರಿ, ಬಡಕಲು ಕುರಿ ಗೋದಲಿಯಲ್ಲಿ ತಳ್ಳಿಸಿಕೊಂಡು ಹಿಂದುಳಿಯುತ್ತವೆ, ಅವನ್ನು ಬೇರೆ ಕಟ್ಟಿ. ಕರುಳುಬೇನೆಯ ಲಸಿಕೆ ಈ ಗಬ್ಬದಲ್ಲಿ ಹಾಕಿಸಿರದಿದ್ದರೆ ವೈದ್ಯರನ್ನು ಕೇಳಿ ಚೆನ್ನಾಗಿರುವ ಕುರಿಗಳಿಗೆ ಈಗಲೇ ಹಾಕಿಸಿ. ಈಯುವ ಮೂರು ನಾಲ್ಕು ವಾರ ಮುಂಚೆ ಹಾಕಿಸಿದರೆ ಆ ರಕ್ಷಣೆ ಗಿಣ್ಣದ ಹಾಲಿನಲ್ಲಿ ಮರಿಗೂ ಇಳಿಯುತ್ತದೆ.

ಇನ್ನೊಂದು ಉತ್ತರ (ಬಾರಾಮತಿ)

ಚಳಿಯನ್ನು ಲೆಕ್ಕಿಸಬೇಕಾದದ್ದು ಮರಿಗಳ ವಿಷಯದಲ್ಲಿ. ಅವಳಿಗಳಲ್ಲಿ ಸಣ್ಣದು ಒದ್ದೆ ಮೈಯಲ್ಲೇ ನಸುಕಿನ ಗಾಳಿಗೆ ಸಿಕ್ಕರೆ ಬೇಗ ತಣ್ಣಗಾಗುತ್ತದೆ. ಗೋಣಿಯಿಂದ ಒರೆಸಿ, ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಅದ್ದಿ, ಎರಡು ಗಂಟೆಯೊಳಗೆ ಗಿಣ್ಣದ ಹಾಲು ಹೊಟ್ಟೆ ಸೇರುವಂತೆ ನೋಡಿಕೊಳ್ಳಿ. ಹುಟ್ಟಿ ಐದು ತಾಸು ದಾಟಿದ ಮರಿ ತಣ್ಣಗಾಗಿ ತಲೆ ಎತ್ತದಿದ್ದರೆ ಬೆಂಕಿಯ ಮುಂದೆ ಹಿಡಿಯುವ ಮೊದಲು ವೈದ್ಯರಿಂದ ಗ್ಲೂಕೋಸ್ ಕೊಡಿಸಬೇಕು. ಸಕ್ಕರೆ ಬರಿದಾದ ಮೈಯನ್ನು ಕಾಯಿಸಿದರೆ ಸೆಳವು ಬಂದು ಸಾಯುತ್ತದೆ.

ಪ್ರಶ್ನಿಸಿದವರು, ಜನವರಿ 11

ನಿನ್ನೆ ನಸುಕಿನಲ್ಲಿ ಆ ಕುರಿ ಎರಡು ಮರಿ ಹಾಕಿತು. ದೊಡ್ಡದು ತಾನೇ ಎದ್ದು ಕೆಚ್ಚಲು ಹಿಡಿಯಿತು. ಸಣ್ಣದು ಒಂದೂವರೆ ಕಿಲೋ ಸಹ ತೂಗಲಿಲ್ಲ; ಗಿಣ್ಣದ ಹಾಲನ್ನು ಕರೆದು ಬಾಟಲಿಯಲ್ಲಿ ಎರಡೆರಡು ತಾಸಿಗೊಮ್ಮೆ ಕುಡಿಸಿದೆವು. ಇಂದು ಮಧ್ಯಾಹ್ನದಿಂದ ಅದೂ ತಾಯಿಯ ಕೆಳಗೆ ನಿಂತು ಬಾಲ ಅಲ್ಲಾಡಿಸುತ್ತ ಚೀಪುತ್ತಿದೆ. ತಾಯಿಗೆ ಎರಡಕ್ಕೂ ಸಾಲುವಷ್ಟು ಹಾಲಿಲ್ಲದ ಕಾರಣ ರಾತ್ರಿಯ ಬಾಟಲಿಯನ್ನು ಮಾತ್ರ ಇನ್ನೂ ನಿಲ್ಲಿಸಿಲ್ಲ.